ಬೋರಗಾಂವದ ಮೇಲೆ ಬಟ್ಟೆಯ ವಿಮಾನ

ನಮ್ಮ ಬೋರಗಾಂವದಲ್ಲಿ ಯಾರೂ ಯಾವುದನ್ನೂ ಸುಮ್ಮನೆ ಕಲಿತವರಲ್ಲ. ಟ್ರ್ಯಾಕ್ಟರ್ ಕಲಿತರೆ ಕಬ್ಬು ಸಾಗಿಸಲು, ಹಾರ್ಮೋನಿಯಂ ಕಲಿತರೆ ಭಜನಾ ಮಂಡಳಿಯಲ್ಲಿ ಮುಂದಿನ ಸಾಲು ಹಿಡಿಯಲು. ಹೀಗಿರುವಾಗ, ಎಂಬತ್ತರ ದಶಕದ ನಡುವಿನಲ್ಲಿ ಒಂದು ದಿನ ಊಟಕ್ಕೆ ಕುಳಿತಾಗ, ಕೊಲ್ಲಾಪುರದ ಕಡೆ ಹೋಗಿ ವಿಮಾನ ಹಾರಿಸುವುದನ್ನು ಕಲಿಯುತ್ತೇನೆ ಎಂದುಬಿಟ್ಟೆ.

ಪವರ್‌ಲೂಮ್ ನಡೆಸುತ್ತಿದ್ದ ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

"ನೌಕರಿ ಕೊಡ್ತಾರೇನು?"

"ಇಲ್ರಿ. ರವಿವಾರಕ್ಕೊಮ್ಮೆ ಏರೂದು, ಇಳಿಯೂದು."

"ಎಲ್ಲಿ ಇಳಿಯಾಂವ?"

"ಏರಿದಲ್ಲೇರಿ."

"ಏರಿದಲ್ಲೇ ಇಳಿಯೂದಿದ್ರ ಏರೂದ್ಯಾಕಲೇ?"

ಅವ್ವನ ಚಿಂತೆ ಬೇರೆ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಮುಗಿಲಿನಲ್ಲಿ ತಡವಾದರೆ ಮಗ ಉಪವಾಸ ಬೀಳುತ್ತಾನಲ್ಲ ಎಂದು ಅವಳಿಗೆ. ನನ್ನಂಥವರ ಲೈಸೆನ್ಸಿನಲ್ಲಿ ಸೂರ್ಯ ಮುಳುಗಿದ ಮೇಲೆ ಹಾರುವಂತಿಲ್ಲ ಎಂದು ತಿಳಿಸಿದಾಗ ಅವಳಿಗೆ ಸರಕಾರದ ಮೇಲೆ ಎಂದೂ ಇಲ್ಲದ ಗೌರವ ಹುಟ್ಟಿತು. "ಆ ಕಾಯ್ದೆ ಬರದಾಂವ ನಮ್ಮ ಪೈಕೀನ ಇರಬೇಕು," ಎಂದಳು.

ಅಪ್ಪ ಮಾತ್ರ ಕಣ್ಣಾರೆ ನೋಡದೆ ಒಪ್ಪುವವರಲ್ಲ. ಒಂದು ರವಿವಾರ ನನ್ನ ಜೊತೆ ಬಸ್ ಹತ್ತಿದರು. ಹಾರಾಟ ಕಲಿಸುವ ಮೈದಾನದಲ್ಲಿ ನಿಂತಿದ್ದ, ಇಬ್ಬರು ಕೂರುವ ಪುಟ್ಟ ವಿಮಾನದ ರೆಕ್ಕೆಯನ್ನು ಬೆರಳಿನಿಂದ ತಟ್ಟಿದವರೇ ಗಾಬರಿಯಾದರು.

"ಇದು ಬಟ್ಟಿ ಐತ್ರಿ!"

ವಾಯುಸೇನೆಯಿಂದ ನಿವೃತ್ತರಾಗಿ ನನಗೆ ಹಾರುವುದನ್ನು ಕಲಿಸುತ್ತಿದ್ದ ಮರಾಠಿ ಮಾಸ್ತರರು ಮೀಸೆ ತೀಡುತ್ತ, "ಹೋಯ್, ಹೌದು, ಬಟ್ಟಿನ. ಮ್ಯಾಲ ಬಣ್ಣ ಹೊಡದೇವಿ," ಎಂದರು.

"ಬಟ್ಟಿ ನೇಯೂ ಮಂದಿ ನಾವು. ಅದು ಹ್ಯಾಂಗ ಹರೀತೈತಿ ಅಂತ ನಮಗ ಕೇಳ್ರಿ."

"ಮಾಲಕ, ನೀವು ಉಟ್ಟ ಧೋತರ ಬಸ್ಸಿನ್ಯಾಗ ಹರೀತೇನು?"

ಅಪ್ಪ ಧೋತರದ ಅಂಚು ಎಳೆದು ನೋಡಿಕೊಂಡರು. ಅದನ್ನೇ ಒಪ್ಪಿಗೆ ಎಂದುಕೊಂಡೆ.

ಏರುವುದು ಬೇಗ ಬಂತು. ಇಳಿಯುವುದು ತಿಂಗಳುಗಟ್ಟಲೆ ಬರಲಿಲ್ಲ. ಮೊದಲ ಸಲ ಮಾಸ್ತರರು ಇಳಿದುಹೋಗಿ ನನ್ನೊಬ್ಬನನ್ನೇ ಕಳಿಸಿದಾಗ ಪಕ್ಕದ ಖಾಲಿ ಸೀಟನ್ನೇ ಮತ್ತೆ ಮತ್ತೆ ನೋಡಿದೆ. ಆಮೇಲೆ ಯಾರೂ ಕೇಳುವುದಿಲ್ಲವೆಂಬ ಧೈರ್ಯದಲ್ಲಿ ಗಂಟಲು ಹರಿಯುವಂತೆ ಕೂಗಿದೆ. ಊರಲ್ಲಿ ಮಾತ್ರ ನಾನು 'ವಿಮಾನದ ಡ್ರೈವರ'ನಾದೆ. ಹೆಣ್ಣು ನೋಡಲು ಅಥಣಿಗೆ ಹೋದಾಗ ಅವರ ಮನೆಯ ಹಿರಿಯರು ಬಹಳ ಮರ್ಯಾದೆಯಿಂದ, "ಯಾವ ರೂಟ್ ಕೊಟ್ಟಾರ್ರಿ?" ಎಂದು ಕೇಳಿದ್ದರು.

ನನ್ನ ವಿದ್ಯೆಗೂ ಉಪಯೋಗವಿದೆ ಎಂದು ಮೊದಲು ಕಂಡುಹಿಡಿದವರು ರಾಯಬಾಗದ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಅಧ್ಯಕ್ಷರು. ಕಬ್ಬು ನುರಿಸುವ ಹಂಗಾಮು ಶುರುವಾಗುವ ದಿನ ವಿಮಾನದಿಂದ ಹೂ ಸುರಿಸಬೇಕು ಎಂದು ಕರೆಸಿದರು.

"ಮಶೀನ್ ಮ್ಯಾಲೇನ್ರಿ?" ಎಂದೆ.

"ಮಶೀನ್ ಏನ್ ಮಾಡೈತಿ ತಮ್ಮಾ? ನಮ್ಮ ಮ್ಯಾಲ."

ಪರವಾನಗಿಗಳೆಲ್ಲ ಅವರ ಒಂದು ಫೋನಿಗೆ ಬಂದವು. ಮಾಸ್ತರರು ಹಾರಿಸಿದರು, ನಾನು ಚೆಂಡುಹೂವಿನ ಎಸಳು ತುಂಬಿದ ಚೀಲ ತಬ್ಬಿಕೊಂಡು ಪಕ್ಕದಲ್ಲಿ ಕುಳಿತೆ. ಚಿಮಣಿ ದಾಟಿ ಪೆಂಡಾಲಿನ ನೆತ್ತಿಗೆ ಬಂದಾಗ ಕಿಟಕಿ ತೆರೆದು ಚೀಲ ಬೋರಲು ಹಾಕಿದೆ. ಗಾಳಿ ಅಷ್ಟನ್ನೂ ಒಳಗೇ ಎಸೆಯಿತು. ಮಾಸ್ತರರ ಬಾಯಿ, ಮೀಸೆ, ಕನ್ನಡಕ ಎಲ್ಲ ಹಳದಿ.

"ಥೂ! ಹೊರಗ ಟಾಕ್ ಲೇ, ಹೊರಗ ಚೆಲ್ಲು!" ಎಂದು ಅವರು ಚೀರಿದರು. ಎರಡು ಸುತ್ತು ಹಾಕಿದರೂ ಒಂದು ಎಸಳು ಹೊರಗೆ ಹೋಗಲಿಲ್ಲ. ಕೆಳಗೆ ಜನ ಕೈಯೆತ್ತಿ ನಿಂತದ್ದು ಕಾಣುತ್ತಿತ್ತು.

ಬೈಗುಳಕ್ಕೆ ಸಿದ್ಧನಾಗಿ ಮನೆ ಸೇರಿದರೆ ಅಧ್ಯಕ್ಷರ ಮನುಷ್ಯ ಪೇಢೆ ಹಿಡಿದು ನಿಂತಿದ್ದ. "ಸಾಹೇಬ್ರು ಭಾಳ ಖುಷಿ ಆಗ್ಯಾರ್ರಿ. ಏನ್ ಹೂವಿನ ಮಳಿರೀ ಅದು!"

ಸಮಾರಂಭಕ್ಕೆ ಹೋಗಿ ಬಂದಿದ್ದ ಅಪ್ಪನೂ, "ನನ್ನ ಟೊಪಗಿ ಮ್ಯಾಲ ಎರಡ ಬಿದ್ದುವಲ್ಲ!" ಎಂದರು.

ನಾನು ಅಂಗಿಯೊಳಗಿಂದ ಒಂದು ಮುಷ್ಟಿ ಎಸಳು ತೆಗೆದು ತೋರಿಸಿದೆ. "ಒಂದೂ ಬಿದ್ದಿಲ್ರಿ ಅಪ್ಪಾ. ಎಲ್ಲಾ ಇಲ್ಲೇ ಅದಾವ."

"ನೀ ಮ್ಯಾಲ ಇದ್ದಿ. ಕೆಳಗಿನದು ನಿನಗೇನ್ ಗೊತ್ತು?"

ಮುಂದಿನ ಹಂಗಾಮಿಗೂ ಕರೆ ಬಂತು. "ಚೀಲ ಬ್ಯಾಡ, ಹಂಗ ಹೋಗೂಣು," ಎಂದರು ಮಾಸ್ತರರು. ಹಾಗೇ ಹೋದೆವು. ಆ ವರ್ಷದ ಹೂವು ಹೋದ ವರ್ಷದ್ದಕ್ಕಿಂತ ದಟ್ಟವಾಗಿತ್ತಂತೆ.

ತೊಂಬತ್ತರ ದಶಕದಲ್ಲಿ, ನನ್ನ ಕೈಗೆ ಲೈಸೆನ್ಸ್ ಬಂದ ಮೇಲೆ, ಅಪ್ಪ ಒಮ್ಮೆ ತಾವೇ ಹತ್ತುತ್ತೇನೆ ಎಂದರು. ನಿಪ್ಪಾಣಿ ದಾಟುವವರೆಗೆ ಸೀಟು ಬಿಗಿಹಿಡಿದು ನಮೋಕಾರ ಮಂತ್ರ ಹೇಳುತ್ತಿದ್ದವರು ನಮ್ಮ ಹೊಲ ಕಂಡದ್ದೇ ಎದ್ದು ನಿಲ್ಲಲು ಹೋದರು.

"ಲೇ, ಅಣ್ಣ ಬಾಂದ ಸರಸ್ಯಾನ! ನೋಡಲ್ಲಿ, ನಮ್ಮ ಕಡಿ ಹೊಟ್ಟಿ ಬಂದೈತಿ!"

ಪಕ್ಕದ ಹೊಲ ಅಪ್ಪನ ಅಣ್ಣ, ನನ್ನ ದೊಡ್ಡಪ್ಪನದು; ಎರಡರ ನಡುವಿನ ಬದುವೇ ಬಾಂದ. ಇಳಿದವರೇ ಅಪ್ಪ ಮನೆಗೂ ಹೋಗದೆ ಚಿಕ್ಕೋಡಿಗೆ ಹೋಗಿ ಹೊಲ ಅಳೆಸಲು ಮೋಜಣಿಗೆ ಅರ್ಜಿ ಕೊಟ್ಟರು. ವಿಮಾನ ಎಂಥ ಉಪಯೋಗದ ವಸ್ತು ಎಂದು ಊರೆಲ್ಲ ಹೇಳಿಕೊಂಡು ತಿರುಗಿದರು. ಮೋಜಣಿದಾರ ಬಂದು ಸರಪಳಿ ಎಳೆದ. ಬಾಂದ ಸರಿದದ್ದು ನಿಜ, ಸರಿದದ್ದು ದೊಡ್ಡಪ್ಪನ ಹೊಲದೊಳಕ್ಕೆ. ಎಷ್ಟೋ ವರ್ಷದಿಂದ ಅವರ ಪಟ್ಟಿಯಲ್ಲಿ ನಾವು ತಂಬಾಕು ಬೆಳೆದಿದ್ದೆವು.

"ಮುಗಿಲಾಗಿಂದ ಎಲ್ಲಾ ಸೊಟ್ಟ ಕಾಣತೈತಿ," ಎಂದು ಅಪ್ಪ ಮತ್ತೆ ವಿಮಾನದ ಕಡೆ ಸುಳಿಯಲಿಲ್ಲ.

ಆದರೆ ಮರುದಿನವೇ ದೊಡ್ಡಪ್ಪ ಬಂದರು. "ನನ್ನೂ ಒಮ್ಮೆ ಒಯ್ಯಪಾ. ಆ ಭೋಜ ಊರ ಕಡಿ ನನ್ನ ಹೊಲದಾಗ ಏನೇನ್ ನಡದೈತೋ ನೋಡಬೇಕು."

ಹಿರಿಯರ ಮಾತು ಮೀರಲಾಗದೆ ಒಯ್ದೆ. ಚಕ್ರ ನೆಲ ಬಿಟ್ಟಾಗ ಮುಚ್ಚಿದ ಕಣ್ಣನ್ನು ಅವರು ಮತ್ತೆ ನೆಲಕ್ಕೆ ಇಳಿಯುವವರೆಗೂ ತೆರೆಯಲಿಲ್ಲ. ಇಳಿದು ಟೊಪಗಿ ಸರಿಮಾಡಿಕೊಂಡು, ಕಾಯುತ್ತಿದ್ದ ಮಾಸ್ತರರಿಗೆ ಗಂಭೀರವಾಗಿ ಹೇಳಿದರು: "ಎಲ್ಲಾ ಚೊಲೋತ್ನ್ಯಾಗಿ ನೋಡಿದ್ನಿರಿ. ನಾಲ್ಕ ಮಂದಿ ಮ್ಯಾಲ ಕೇಸ್ ಹಾಕಬೇಕಾಗೈತಿ."