ಗಿಡ್ಡಪ್ಪನ ಗೊಬ್ಬರದ ಲೆಕ್ಕ

ನಮ್ಮ ಕಡೆ ಯಾರನ್ನಾದರೂ ನಿಮ್ಮ ಮನೆಯಲ್ಲಿ ದನ ಎಷ್ಟಿವೆ ಎಂದು ಕೇಳಿ ನೋಡಿ. "ಇದಾವೆ ಒಂದೆರಡು" ಎನ್ನುತ್ತಾರೆ. ಕೊಟ್ಟಿಗೆಯಲ್ಲಿ ಹದಿನೈದು ಬಾಲ ಅಲ್ಲಾಡುತ್ತಿದ್ದರೂ ಅದೇ ಉತ್ತರ. ಎಣಿಸಿ ಹೇಳಿದರೆ ದೃಷ್ಟಿಯಾಗುತ್ತದೆ, ಒಂದಲ್ಲ ಒಂದು ದನ ಕೈಬಿಟ್ಟು ಹೋಗುತ್ತದೆ ಎಂಬ ನಂಬಿಕೆ. ನನಗೆ ಇದನ್ನು ಕಂಡರೆ ಮೈ ಉರಿಯುತ್ತಿತ್ತು. ನಾನಾಗ ಬಣಕಲ್‌ನಿಂದ ಮೂರು ಮೈಲಿ ಒಳಗೆ ಕೃಷ್ಣಪ್ಪನವರ ಎಸ್ಟೇಟಿನಲ್ಲಿ ರೈಟರ್. ಎಣಿಸಿ ಬರೆಯುವುದೇ ನನ್ನ ಕಸುಬು. ಎಣಿಸಲು ಹೆದರುವ ಜನರ ನಡುವೆ ಹೇಗೆ ಬದುಕುವುದು ಹೇಳಿ.

ಈ ಜನರನ್ನು ಜಯಿಸಿದವನು ಗಿಡ್ಡಪ್ಪ ಒಬ್ಬನೇ. ಅವನು ದನದ ಆಸ್ಪತ್ರೆಯ ಅಟೆಂಡರ್. ಹೆಸರು ಗಿಡ್ಡಪ್ಪನಾದರೂ ಆಳು ಉದ್ದ, ಖಾಕಿ ಕೋಟಿನ ಕಾಲರಿಗೆ ಹಿಂದಿನಿಂದ ಕೊಡೆ ಸಿಕ್ಕಿಸಿಕೊಂಡು, ಹೆಗಲಿಗೆ ಐಸ್ ತುಂಬಿದ ಫ್ಲಾಸ್ಕು ಹಾಕಿಕೊಂಡು ತೋಟದಿಂದ ತೋಟಕ್ಕೆ ನಡೆಯುತ್ತಿದ್ದ. ದನದ ಕಿವಿ ಮುಟ್ಟಿ ಜ್ವರ ಇದೆಯೋ ಇಲ್ಲವೋ ಹೇಳುತ್ತಿದ್ದ. ಲಂಟಾನ ತಿಂದು ಮೂತಿ ಸುಲಿದುಕೊಂಡ ಹಸುವನ್ನು ವಾರಗಟ್ಟಲೆ ನೆರಳಿನಲ್ಲಿ ಕಟ್ಟಿಸಿ ಉಳಿಸಿಕೊಳ್ಳುತ್ತಿದ್ದ. ಹಲಸಿನ ಹಣ್ಣಿನ ಕಾಲದಲ್ಲಂತೂ ಹೊಟ್ಟೆ ಉಬ್ಬಿದ ದನಗಳ ಹಿಂದೆ ಓಡಾಡಿ ಅವನ ಹೊಟ್ಟೆಯೇ ಬೆನ್ನಿಗೆ ಹತ್ತುತ್ತಿತ್ತು.

ಅವನು ಯಾರ ಮನೆಯಲ್ಲೂ ದನ ಎಷ್ಟು ಎಂದು ಕೇಳುತ್ತಿರಲಿಲ್ಲ. ಅಂಗಳದಲ್ಲಿ ಕೂತು, "ಗೊಬ್ಬರ ಹೆಂಗೆ ಈ ವರ್ಷ?" ಎನ್ನುತ್ತಿದ್ದ. ಅಷ್ಟು ಸಾಕು. ದನ ಮುಚ್ಚಿಡುವ ಜನ ಗೊಬ್ಬರವನ್ನು ಮಾತ್ರ ಜಂಬದಿಂದ ತೋರಿಸುತ್ತಾರೆ. ನಮ್ಮಲ್ಲಿ ಹೆಚ್ಚಿನವರು ದನ ಸಾಕುವುದೇ ಕಾಫಿ ಗಿಡದ ಬುಡಕ್ಕೆ ಗೊಬ್ಬರವಾಗಲಿ ಎಂದು. "ದಿನಕ್ಕೆ ಐದು ಹೆಡಿಗೆ ಬೀಳುತ್ತೆ ಮಾರಾಯ" ಎಂದು ಭೂತಯ್ಯ ಎದೆ ಉಬ್ಬಿಸಿದರೆ ಗಿಡ್ಡಪ್ಪ ಮನಸ್ಸಿನಲ್ಲೇ ಹತ್ತು ದನ ಎಂದುಕೊಳ್ಳುತ್ತಿದ್ದ. ಎರಡು ನಾಡುದನಕ್ಕೆ ದಿನಕ್ಕೊಂದು ಹೆಡಿಗೆ, ಅಂದರೆ ಒಂದು ದೊಡ್ಡ ಬುಟ್ಟಿ ಸಗಣಿ; ಜರ್ಸಿಯಾದರೆ ಒಂದಕ್ಕೇ ಒಂದು. ಅವನ ಲೆಕ್ಕ ತಪ್ಪಿದ್ದನ್ನು ನಾನು ಕಂಡಿರಲಿಲ್ಲ.

ತೊಂಬತ್ತೆಂಟರ ಮಾರ್ಚಿನಲ್ಲಿ, ಕಾಫಿ ಅರಳಿಸುವ ಹೂಮಳೆ ಬಿದ್ದ ವಾರವೇ, ಗುಡ್ಡದ ಆಚೆಯ ಊರಿಗೆ ಕಾಲುಬಾಯಿ ರೋಗ ಬಂತು. ಬಾಯಿ ಹುಣ್ಣಾಗಿ ದನಗಳು ಜೊಲ್ಲು ಸುರಿಸುತ್ತ ಮೇವು ಬಿಟ್ಟವು, ಗೊರಸು ಕೊಳೆತು ಕುಂಟಿದವು. ಎರಡು ಹಸುಗಳು ಕಂದು ಹಾಕಿದವು ಎಂಬ ಸುದ್ದಿಯೂ ಬಂತು. ನಮ್ಮ ಊರಿಗೆ ಬರುವ ಮೊದಲೇ ಲಸಿಕೆ ಹಾಕಬೇಕೆಂದು ಆಸ್ಪತ್ರೆಯ ಡಾಕ್ಟರಮ್ಮ ಸಭೆ ಕರೆದರು. ಅವರು ದಾವಣಗೆರೆ ಕಡೆಯವರು, ಹೊಸದಾಗಿ ಬಂದವರು. ಪಟ್ಟಿ ಬರೆಯಲು ಕೃಷ್ಣಪ್ಪನವರು ನನ್ನನ್ನು ಕಳಿಸಿಕೊಟ್ಟರು.

ಡಾಕ್ಟರಮ್ಮ ಒಬ್ಬೊಬ್ಬರನ್ನೇ ಕೇಳಿದರು. ಎಲ್ಲರಿಂದಲೂ "ಇದಾವೆ ಒಂದೆರಡು". ಅವರಿಗೆ ಸಾಕಾಗಿ ಹೋಯಿತು. ಎಲ್ಲರೂ ಎದ್ದು ಹೋದ ಮೇಲೆ ಗಿಡ್ಡಪ್ಪ ಮನೆ ಮನೆಯ ಸಂಖ್ಯೆ ಹೇಳುತ್ತ ಹೋದ, ನಾನು ಬರೆಯುತ್ತ ಹೋದೆ. ಭೂತಯ್ಯ ಹತ್ತು, ನಿಂಗಯ್ಯ ಆರು. "ಕೃಷ್ಣಪ್ಪನವ್ರು ಹದಿನಾಲ್ಕು" ಎಂದಾಗ ನನ್ನ ಪೆನ್ನು ನಿಂತಿತು. ನಮ್ಮ ಕೊಟ್ಟಿಗೆಯಲ್ಲಿ ಇದ್ದದ್ದು ಒಂಬತ್ತೇ. ಹಿಂದಿನ ತಿಂಗಳು ಕೃಷ್ಣಪ್ಪ ಸಾಹುಕಾರರು ಕಡೂರು ಕಡೆಯಿಂದ ಎರಡು ಲಾರಿ ಗೊಬ್ಬರ ತರಿಸಿ, ಮೇಲೆ ನಮ್ಮದೇ ಸಗಣಿ, ಸೊಪ್ಪು ಹರಡಿಸಿದ್ದರು. ಹರಡಿಸಿದವನು ನಾನೇ; ಗಿಡ್ಡಪ್ಪ ಲೆಕ್ಕ ಹಾಕಿದ್ದು ಆ ರಾಶಿ ನೋಡಿ. ಗೊಬ್ಬರ ಕೊಂಡು ತರುವುದು ನಮ್ಮಲ್ಲಿ ಹಸು ಸಾಕಿದವನು ಹಾಲು ಕೊಂಡು ತಂದಷ್ಟೇ ಅವಮಾನ. ಅನ್ನ ಕೊಟ್ಟವರ ಮರ್ಯಾದೆ ಎಂದುಕೊಂಡು ತೆಪ್ಪಗೆ ಹದಿನಾಲ್ಕು ಬರೆದೆ.

"ಗಿಡ್ಡಪ್ಪ, ನಿಮ್ಮ ಮನೇಲಿ?" ಡಾಕ್ಟರಮ್ಮ ಕೇಳಿದರು.

"ಇದಾವೆ ಒಂದೆರಡು" ಎಂದ ಗಿಡ್ಡಪ್ಪ.

ಅವರು ಎರಡು ಎಂದು ಬರೆಸಿದರು. ಒಟ್ಟು ತೊಂಬತ್ತಾರು. ಮೂರನೆಯ ದಿನ ಸರಿಯಾಗಿ ತೊಂಬತ್ತಾರು ದನಕ್ಕಾಗುವಷ್ಟು ಲಸಿಕೆ ಬಂತು. ಇನ್ನು ಬರುವುದು ತಿಂಗಳ ಕೊನೆಗೆ ಎಂದು ಹೇಳಿ ಕಳಿಸಿದ್ದರು.

ಎರಡು ದಿನದ ಕೆಲಸ. ಬೆಳಿಗ್ಗೆ ಬಣಕಲ್‌ನಲ್ಲಿ ಮೀನಿನಂಗಡಿಯ ಹಬೀಬುರ್ರಹ್ಮಾನ್ ಫ್ಲಾಸ್ಕಿಗೆ ಐಸ್ ತುಂಬಿ ಕೊಡುತ್ತಿದ್ದ. ಗಿಡ್ಡಪ್ಪ ಸೂಜಿ ಹಾಕುತ್ತಿದ್ದ, ನಾನು ಗೀಟು ಎಳೆಯುತ್ತಿದ್ದೆ. ಎಂದಿಲ್ಲದ ಒಂದು ವಿಚಿತ್ರ ಕಂಡೆ. ಪ್ರತಿ ಮನೆಯಲ್ಲೂ ಕೊನೆಯ ದನಕ್ಕೆ ಹಾಕಿದ ಮೇಲೆ ಅವನು, "ಅಷ್ಟೇನಾ? ಒಂದು ಕಮ್ಮಿ ಇದ್ಯೇನೋ ನೋಡಿ" ಎನ್ನುತ್ತಿದ್ದ. ಎಲ್ಲಿಯೂ ಕಮ್ಮಿ ಇಲ್ಲ. ಭೂತಯ್ಯನಲ್ಲಿ ಹತ್ತು ಎಂದರೆ ಹತ್ತೇ. ಲೆಕ್ಕ ಸರಿಬಂದಷ್ಟೂ ಅವನ ಮುಖ ಬಾಡುತ್ತಿತ್ತು.

ಎರಡನೆಯ ದಿನ ಮಧ್ಯಾಹ್ನ ಸಿಲ್ವರ್ ಮರದಡಿ ಅಕ್ಕಿರೊಟ್ಟಿ ಬಿಚ್ಚಿ ಕೂತಾಗ ಅವನು ಮುರಿದ ತುತ್ತನ್ನು ಹಾಗೇ ಕೆಳಗಿಟ್ಟ.

"ನಮ್ಮನೇಲಿ ಮೂರಿದಾವೆ ರೈಟ್ರೆ" ಎಂದ.

"ಎಂತ?"

"ಮೂರು. ಅವತ್ತು ಬಾಯಿಗೆ ಬರ್ಲಿಲ್ಲ. ಅಪ್ಪ ಹೇಳ್ತಿದ್ದದ್ದೇ ಬಂದ್ಬಿಡ್ತು. ಊರವ್ರನ್ನೆಲ್ಲ ಆಡ್ಕೊಂಡು ಆಮೇಲೆ ಡಾಕ್ಟ್ರಮ್ಮಂಗೆ ಹೆಂಗೆ ಹೇಳದು? ಎಲ್ಲಾದ್ರೂ ಒಂದು ಉಳಿಯುತ್ತೆ ಅಂತಿದ್ದೆ."

ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿದ್ದಿತ್ತು. ನಗು ಬಂತು, ಆದರೆ ಅವನ ಮುಂದಿನ ಮಾತಿಗೆ ನಗು ಅಲ್ಲೇ ಸತ್ತಿತು. ಮೂರನೆಯದು ಕೆಂಪಿ, ಐದು ತಿಂಗಳ ಗಬ್ಬ. ಅವನ ಹೆಂಡತಿ ಜವರಮ್ಮ ತೌರಿನಿಂದ ಹೊಡೆದುಕೊಂಡು ಬಂದ ಹಸುವಿನ ಮಗಳು. ಮಕ್ಕಳಿಲ್ಲದ ಮನೆ ಅದು. ಜವರಮ್ಮ ಕೆಂಪಿಗೆ ಕೊಡದೆ ತಾನು ಉಂಡವಳಲ್ಲ.

"ಇವತ್ತೇ ಮೊದ್ಲು ನಿಮ್ಮ ಮೂರಕ್ಕೂ ಹಾಕಿ ಬರುವ" ಎಂದೆ.

"ಉಳಿದಿರೋದು ನಿಮ್ಮ ಸಾಹುಕಾರ್ರದ್ದು ಮಾತ್ರ. ಹಾಕಿದ್ರೆ ಅವ್ರಿಗೆ ಒಂದು ಕಮ್ಮಿ ಬೀಳುತ್ತೆ. ಅದಕ್ಕೆ ರೋಗ ಬಂದ್ರೆ ನಾನು ಯಾವ ಮುಖ ಹೊತ್ಕೊಂಡು ಇನ್ನೊಬ್ರ ಕೊಟ್ಟಿಗೆಗೆ ಹೋಗ್ಲಿ?"

ಸಾಹುಕಾರರಲ್ಲಿ ಐದು ಉಳಿಯುತ್ತದೆ ಎಂದು ನನಗೆ ಗೊತ್ತಿತ್ತು. ಒಂದು ಮಾತು ಹೇಳಿದ್ದರೆ ಆ ಮನುಷ್ಯ ನೆಮ್ಮದಿಯಾಗಿ ರೊಟ್ಟಿ ತಿನ್ನುತ್ತಿದ್ದ. ಹೇಳಲಿಲ್ಲ. "ನೋಡುವ ಬಿಡು" ಎಂದೆ. ದನ ಎಣಿಸಲು ಹೆದರುವವರ ಮೇಲೆ ಉರಿದು ಬೀಳುತ್ತಿದ್ದ ನಾನು ಒಂಬತ್ತು ಎನ್ನಲು ಹೆದರಿದೆ. ಅದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ನಾಲ್ಕು ಗಂಟೆಗೆ ನಮ್ಮ ಕೊಟ್ಟಿಗೆಗೆ ಬಂದೆವು. ಕೃಷ್ಣಪ್ಪನವರು ಅಲ್ಲೇ ನಿಂತಿದ್ದರು. ಗಿಡ್ಡಪ್ಪ ಒಂಬತ್ತನೆಯದಕ್ಕೆ ಹಾಕಿ ತಲೆ ಎತ್ತಿದ.

"ಉಳಿದ ಐದು ಎಲ್ಲಿ ಅಣ್ಣ? ತೋಟದಲ್ಲಿದಾವಾ? ಐಸ್ ಕರಗ್ತಾ ಇದೆ."

ಸಾಹುಕಾರರು ನನ್ನ ಮುಖ ನೋಡಿದರು. ಆಮೇಲೆ ಏನೋ ನೆನಪಾದವರಂತೆ ಒಳಗೆ ಹೋದರು.

ನಾನು ಗಿಡ್ಡಪ್ಪನನ್ನು ಗೊಬ್ಬರದ ಗುಂಡಿಯ ಹತ್ತಿರ ಕರೆದುಕೊಂಡು ಹೋಗಿ ಗುದ್ದಲಿಯಿಂದ ಒಂದು ಮೊಳ ಬಗೆದೆ. ಒಳಗಿದ್ದದ್ದು ರಾಗಿಹುಲ್ಲಿನ ಚೂರು, ಕುರಿ ಹಿಕ್ಕೆ. ನಮ್ಮ ಊರಿನಲ್ಲಿ ಕುರಿ ಸಾಕಿದವರು ಯಾರೂ ಇಲ್ಲ. ಅವನು ಒಂದು ಹಿಡಿ ಎತ್ತಿಕೊಂಡು ಉಜ್ಜಿ ನೋಡಿದ.

"ಬಯಲುಸೀಮೇದು" ಎಂದ.

"ಎರಡು ಲಾರಿ. ದನ ಒಂಬತ್ತೇ."

ಗಿಡ್ಡಪ್ಪ ಗುಂಡಿಯ ಅಂಚಿನಲ್ಲೇ ಕೂತ. ನಗಲು ಹೋದ, ಕಣ್ಣಲ್ಲಿ ನೀರು ಬಂತು. ತನ್ನ ಲೆಕ್ಕ ತಪ್ಪಿದ್ದಕ್ಕೆ ಅಷ್ಟು ಸಂತೋಷಪಟ್ಟ ಇನ್ನೊಬ್ಬನನ್ನು ನಾನು ಕಂಡಿಲ್ಲ. ಬಯ್ಯುತ್ತಾನೆ ಎಂದುಕೊಂಡಿದ್ದೆ. ಅವನು ಬಗೆದ ಜಾಗದ ಮೇಲೆ ಮತ್ತೆ ಸಗಣಿ, ಸೊಪ್ಪು ಎಳೆದು ಮುಚ್ಚಿ, "ನಾನು ಯಾರಿಗೂ ಹೇಳಲ್ಲ, ನೀವೂ ನಮ್ಮನೆ ಸುದ್ದಿ ಹೇಳ್ಬೇಡಿ" ಎಂದು ಫ್ಲಾಸ್ಕು ಎತ್ತಿಕೊಂಡ.

ಅವನ ಮನೆಗೆ ಹೋದಾಗ ಇನ್ನೂ ಬಿಸಿಲಿತ್ತು. ಜವರಮ್ಮನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಕೆಂಪಿಯ ಕೊರಳು ತಬ್ಬಿ ಹಿಡಿದು, "ಮೆಲ್ಲಗೆ ಹಾಕಿ, ಬಸುರಿ ಅದು" ಎಂದಳು. ಗಿಡ್ಡಪ್ಪ ಅಷ್ಟು ಮೆಲ್ಲಗೆ ಸೂಜಿ ಹಾಕಿದ್ದನ್ನು ನಾನು ನೋಡಿರಲಿಲ್ಲ. ಉಳಿದ ನಾಲ್ಕನ್ನು ದಾರಿಯಲ್ಲಿ ಸಿಕ್ಕ ಲೈನ್‌ಮನೆಯ ಕೂಲಿಯವರ ದನಗಳಿಗೆ ಹಾಕಿದೆವು. ಅವು ಪಟ್ಟಿಯಲ್ಲೇ ಇರಲಿಲ್ಲ.

ರೋಗ ಗುಡ್ಡದ ಆಚೆಗೇ ನಿಂತಿತು. ನಮ್ಮ ಊರಿನಲ್ಲಿ ಒಂದು ದನವೂ ಕುಂಟಲಿಲ್ಲ. ಮಳೆಗಾಲದಲ್ಲಿ ಕೆಂಪಿ ಹೆಣ್ಣುಕರು ಹಾಕಿತು. ಗಿಡ್ಡಪ್ಪ ಎಸ್ಟೇಟಿಗೆ ಗಿಣ್ಣು ತಂದುಕೊಟ್ಟ. ಅದನ್ನು ತಿನ್ನುವಾಗ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಮಳೆ ಕಳೆದ ಮೇಲೆ ಮತ್ತೆ ಲಸಿಕೆಯ ಸಭೆ. ಡಾಕ್ಟರಮ್ಮ ಈ ಸಲ ಜಾಣರಾಗಿದ್ದರು. ಎಲ್ಲರೂ ಕೂತಿರುವಾಗಲೇ ಗಿಡ್ಡಪ್ಪನಿಂದ ಶುರು ಮಾಡಿದರು.

"ನಿಮ್ಮ ಮನೇಲಿ ಎಷ್ಟು?"

ಗಿಡ್ಡಪ್ಪ ಎದ್ದು ನಿಂತ. ನಾನು ಪೆನ್ನು ಹಿಡಿದು ಕಾಯುತ್ತಿದ್ದೆ.

"ನಾಲ್ಕು" ಎಂದ.

ಹಿಂದೆ ಕೂತಿದ್ದ ಜವರಮ್ಮ ದೃಷ್ಟಿ ತಾಗದಿರಲೆಂದು ನೆಟಿಕೆ ಮುರಿದಳು. ಮುಂದಿನ ಕುರ್ಚಿಯಲ್ಲಿದ್ದ ಕೃಷ್ಣಪ್ಪನವರು ಗಿಡ್ಡಪ್ಪನನ್ನೊಮ್ಮೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು, "ನಮ್ದು ಒಂಬತ್ತು. ಬರ್ಕೊ ಮಾರಾಯ."