ಮೇಷ್ಟ್ರ ಹಿಮ್ಮಡಿ

ನಿಮ್ಮ ಹೈಸ್ಕೂಲು ಮೇಷ್ಟ್ರುಗಳು ಹೇಗಿದ್ದರು ಎಂದು ಮೊಮ್ಮಕ್ಕಳು ಕೇಳಿದರೆ ನನಗೆ ಅವರ ಮುಖ ನೆನಪಾಗುವುದಿಲ್ಲ, ಹಿಮ್ಮಡಿ ನೆನಪಾಗುತ್ತದೆ. ಲೆಕ್ಕದ ಮೇಷ್ಟ್ರದು ಬಿರುಕು ಬಿಟ್ಟ ಹಿಮ್ಮಡಿ. ಚರಿತ್ರೆಯವರು ಪಂಪ್ ಶೂ ಹಾಕುತ್ತಿದ್ದರು, ಅದರ ಹಿಂಬದಿ ತುಳಿದು ತುಳಿದು ಚಪ್ಪಟೆಯಾಗಿತ್ತು. ಹೆಡ್‌ಮಾಸ್ಟರರ ಪಂಚೆಯ ಅಂಚು ಯಾವಾಗಲೂ ಒಂದೇ ಕಡೆ ಇಳಿಬಿದ್ದು ನೆಲ ಗುಡಿಸುತ್ತಿತ್ತು.

ಇದೇನು ಹುಚ್ಚು ಎನ್ನಬೇಡಿ. ನಲವತ್ತರ ದಶಕದ ಶಿವಮೊಗ್ಗ. ನಮ್ಮ ಶಾಲೆಯಲ್ಲಿ ಹುಡುಗಿಯರಿಗೆ ಒಂದು ಕಟ್ಟಳೆಯಿತ್ತು. ಮೇಷ್ಟ್ರಿಲ್ಲದ ಕ್ಲಾಸಿನಲ್ಲಿ ನಾವು ಒಂದು ಗಳಿಗೆಯೂ ಇರಕೂಡದು. ಗಂಟೆ ಹೊಡೆಯುವ ತನಕ ಮೂಲೆಯ ಕೋಣೆಯಲ್ಲಿ ಕಾಯಬೇಕು. ಮೇಷ್ಟ್ರು ಆ ಕಡೆ ಬಂದಾಗ ಅವರ ಹಿಂದೆ ತಲೆ ತಗ್ಗಿಸಿಕೊಂಡು ಕ್ಲಾಸಿಗೆ ಹೋಗಬೇಕು. ಪಾಠ ಮುಗಿದು ಅವರು ಎದ್ದರೆ ನಾವೂ ಏಳಬೇಕು, ಅವರ ಹಿಂದೆಯೇ ಹೊರಬರಬೇಕು. ನಾವು ಎಂದರೆ ಇಬ್ಬರು. ಕೊನೆಯ ವರ್ಷ ಇನ್ನೊಬ್ಬಳು ಮದುವೆಯಾಗಿ ಹೊರಟುಹೋದಳು, ನಾನೊಬ್ಬಳೇ ಉಳಿದೆ. ಹಾಜರಿ ಕರೆದಾಗ 'ಪ್ರೆಸೆಂಟ್ ಸಾರ್' ಅಂದದ್ದು ಬಿಟ್ಟರೆ ಮೂರು ವರ್ಷದಲ್ಲಿ ಆ ಕ್ಲಾಸಿನೊಳಗೆ ನಾನು ಬಾಯಿ ಬಿಟ್ಟವಳಲ್ಲ. ಆದರೆ ಯುರೋಪಿನ ನದಿಗಳನ್ನೆಲ್ಲ ಕಣ್ಣು ಮುಚ್ಚಿಕೊಂಡು ಬರೆಯುತ್ತಿದ್ದೆ, ಅದರಲ್ಲೇನೂ ಕಮ್ಮಿಯಿಲ್ಲ!

ಅಪ್ಪಯ್ಯ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಗುಮಾಸ್ತರು. ನಾನು ಚಿಕ್ಕಂದಿನಿಂದ ಶಿವಮೊಗ್ಗದಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಓದುತ್ತಿದ್ದೆ, ರಜೆಗೆ ಮಾತ್ರ ಊರಿಗೆ. ಎಸ್‌.ಎಸ್‌.ಎಲ್‌.ಸಿ. ಪರೀಕ್ಷೆ ಹತ್ತಿರ ಬಂದಾಗ ಆಯನೂರಿನ ಕಡೆಯಿಂದ ಒಂದು ಸಂಬಂಧ ಕೂಡಿಬಂತು. ನನಗೋ ಮೈಸೂರಿಗೆ ಹೋಗಿ ಕಾಲೇಜು ಸೇರುವ ಆಸೆ. ಆ ಆಸೆಯನ್ನು ಅತ್ತೆಯ ಕಿವಿಯಲ್ಲಿ ಹೇಳಿದ್ದೆ, ಅತ್ತೆ ಹೆಡ್‌ಮಾಸ್ಟರರ ಹೆಂಡತಿಗೆ ಹೇಳಿದಳು. ಬೀಳ್ಕೊಡುಗೆಯ ದಿನ ಅಪ್ಪಯ್ಯ ನನ್ನನ್ನು ಪರೀಕ್ಷೆಗೆ ಓದುವ ರಜೆಗೆಂದು ಕರೆದೊಯ್ಯಲು ಬಂದಾಗ ಹೆಡ್‌ಮಾಸ್ಟರರು ಅವರನ್ನು ಜಗಲಿಯಲ್ಲೇ ಹಿಡಿದರು.

"ಹುಡುಗಿ ಚುರುಕು ಸ್ವಾಮಿ, ಓದಿಸಿ."

ಅಪ್ಪಯ್ಯ ಕೋಟಿನ ಗುಂಡಿ ತಿರುವುತ್ತ ನಿಂತರು. "ಅವಳ ಬಾಯಲ್ಲಿ ಒಂದು ಮಾತು ಹೊರಡಲ್ಲ ಸಾರ್. ಮೈಸೂರಲ್ಲಿ ಒಬ್ಬಳೇ ಹ್ಯಾಗೆ ಬಾಳ್ತಾಳೆ? ಇವತ್ತು ಸಭೇಲಿ ನಾಲ್ಕು ಜನರೆದುರು ನಿಂತು ತನ್ನ ಬಾಯಿಂದ ತಾನೇ ಹೇಳಲಿ, ಕಳಿಸ್ತೀನಿ. ಇಲ್ಲಾಂದ್ರೆ ಆಯನೂರಿನವರಿಗೆ ಬನ್ನಿ ಅಂತೀನಿ."

ನಾನು ಬಾಗಿಲ ಸಂದಿಯಲ್ಲಿದ್ದೆ. ಇಷ್ಟೇ ತಾನೆ, ಅಂದುಕೊಂಡೆ.

ಸಭೆ ಶುರುವಾಯಿತು. ಅಧ್ಯಕ್ಷತೆಗೆ ಬರಬೇಕಾದ ತಾಲ್ಲೂಕಿನ ಅಮಲ್ದಾರರು ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ಹುಡುಗರು ಒಬ್ಬೊಬ್ಬರಾಗಿ ಎದ್ದು ತಾವು ಮುಂದೇನಾಗುತ್ತೇವೆಂದು ಹೇಳತೊಡಗಿದರು. ವಕೀಲ, ಡಾಕ್ಟರು, ರೈಲ್ವೆ ಗಾರ್ಡು. ಒಬ್ಬ ದೇಶಸೇವೆ ಎಂದ, ಚಪ್ಪಾಳೆ ಬಿತ್ತು. ಆಮೇಲೆ ಹೆಡ್‌ಮಾಸ್ಟರರು ನನ್ನ ಕಡೆ ನೋಡಿ, "ಏಳಮ್ಮ, ನೀನೂ ಹೇಳು" ಎಂದರು. ಎದ್ದೆ. ಹಿಂದಿನ ಸಾಲಿನಲ್ಲಿ ಅಪ್ಪಯ್ಯನ ಪೇಟ ಕಂಡಿತು. ಅಪ್ಪಯ್ಯನಿಗೆ ಹೇಳಲೆಂದು ಎಂಟು ದಿನದಿಂದ ಬಾಯಿಪಾಠ ಮಾಡಿದ ಮಾತು ನಾಲಿಗೆಯ ತುದಿಗೆ ಬಂದಿತ್ತು.

ಅದೇ ಹೊತ್ತಿಗೆ ಹೊರಗೆ ಜಟಕಾ ನಿಂತ ಸದ್ದಾಯಿತು. ಅಮಲ್ದಾರರು ಬಂದರೆಂದು ಹೆಡ್‌ಮಾಸ್ಟರರು ದಡಬಡನೆ ಎದ್ದು ನನ್ನ ಬೆಂಚಿನ ಪಕ್ಕದಲ್ಲೇ ಹಾದು ಬಾಗಿಲಿನತ್ತ ನಡೆದರು. ಪಂಚೆಯ ಅಂಚು ನೆಲ ಗುಡಿಸುತ್ತ ಹೋಯಿತು. ನಾನೂ ಹಿಂದೆ ಹೊರಟೆ.

ನಿಜವಾಗಿ ಹೇಳುತ್ತೇನೆ, ನಾನು ಹೊರಟದ್ದು ನನಗೇ ಗೊತ್ತಾಗಲಿಲ್ಲ. ಮೇಷ್ಟ್ರು ಎದ್ದರು, ಕಾಲು ನಡೆಯಿತು. ತಲೆ ತಗ್ಗಿಸಿಕೊಂಡು, ಆ ಅಂಚನ್ನೇ ನೋಡುತ್ತ, ಜಗಲಿ ಇಳಿದು ಗೇಟಿನ ತನಕ. ಅಮಲ್ದಾರರು ಜಟಕಾದಿಂದ ಇಳಿದವರೇ ನನ್ನನ್ನು ನೋಡಿ, "ನಿಮ್ಮ ಮಗಳೇನ್ರೀ?" ಎಂದರು. ಹೆಡ್‌ಮಾಸ್ಟರರು ತಿರುಗಿ ನೋಡಿದರು. "ಅಯ್ಯೋ! ನೀನ್ಯಾಕಮ್ಮ ಬಂದೆ?"

ಆಗ ಒಳಗಿನಿಂದ ನಗು ಎದ್ದಿತು. ಕಿಟಕಿಯ ತುಂಬ ಹುಡುಗರ ತಲೆ. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು. ನಾನು ಮತ್ತೆ ಒಳಗೆ ಹೋಗಲಿಲ್ಲ, ಮೂಲೆಯ ಕೋಣೆ ಸೇರಿ ಬಾಗಿಲು ಹಾಕಿಕೊಂಡೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನನ್ನದು ಅಡಿಕೆಗೂ ಹೋಗಲಿಲ್ಲ, ಒಂದು ಪಂಚೆಯ ಅಂಚಿಗೆ ಹೋಯಿತು. ಇಂದಿಗೂ ಅದನ್ನು ನೆನೆದರೆ ಕಿವಿ ಬಿಸಿಯಾಗುತ್ತದೆ.

ಸಂಜೆಯ ರೈಲು ಭದ್ರಾವತಿಯ ದಾರಿಯಲ್ಲಿ ಮಲವಗೊಪ್ಪ ದಾಟಿತು. ಅಪ್ಪಯ್ಯ ಕಿಟಕಿಯ ಕಡೆ ನೋಡುತ್ತ, "ನಾಳೆ ಆಯನೂರಿಗೆ ಹೇಳಿ ಕಳಿಸ್ತೀನಿ" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. ನಾನು ಸೆರಗಿನಲ್ಲಿ ಮೂಗು ಒರೆಸಿಕೊಂಡೆ.

ಭದ್ರಾವತಿಯಲ್ಲಿ ಇಳಿದು ಅಪ್ಪಯ್ಯ ಮುಂದೆ ನಡೆದರು, ನಾನು ಹಿಂದೆ. ಅವರ ಚಪ್ಪಲಿ ಕಿರ್ ಕಿರ್ ಎನ್ನುತ್ತಿತ್ತು. ಕಣ್ಣು ಆ ಹಿಮ್ಮಡಿಯ ಮೇಲೇ ಇದೆ ಎಂದು ಹೊಳೆದಾಗ ನನಗೆ ನನ್ನ ಮೇಲೇ ಎಂಥ ಸಿಟ್ಟು ಬಂತೆಂದರೆ, ಪ್ಲಾಟ್‌ಫಾರಮಿನ ನಡುವೆ ನಿಂತುಬಿಟ್ಟೆ. ಅಪ್ಪಯ್ಯ ತಿರುಗಿ ನೋಡದೆ ಗೇಟು ದಾಟಿ ಹೋದರು. ಸುಮಾರು ಹೊತ್ತಾದ ಮೇಲೆ ಏದುಸಿರು ಬಿಡುತ್ತ ವಾಪಸು ಬಂದರು.

"ಎಲ್ಲಿ ಸತ್ತೆ ಮಾರಾಯ್ತಿ? ಹಿಂದೆ ಇದ್ದೀಯ ಅಂತ ಇಷ್ಟು ದೂರ ಗಾಳಿ ಜೊತೆ ಮಾತಾಡ್ಕೊಂಡು ಹೋದೆ!"

"ನಾನು ಮೈಸೂರಿಗೆ ಹೋಗ್ತೀನಿ ಅಪ್ಪಯ್ಯ. ಕಾಲೇಜು ಸೇರ್ತೀನಿ."

ಮೂರು ವರ್ಷ ಗಂಟಲಲ್ಲೇ ಇದ್ದದ್ದು, ಹೊರಗೆ ಬರುವಾಗ ಅರಚಿದ ಹಾಗೇ ಬಂತು. ಪಾಳಿ ಮುಗಿಸಿ ರೈಲು ಹತ್ತಲು ಬಂದಿದ್ದ ಕಾರ್ಖಾನೆಯವರು ತಿರುಗಿ ನಿಂತರು. ಹೂವು ಮಾರುವ ತಮಿಳು ಹೆಂಗಸು ಬುಟ್ಟಿ ಕೆಳಗಿಟ್ಟು ಬಾಯಿ ಮೇಲೆ ಕೈಯಿಟ್ಟುಕೊಂಡಳು.

"ಮೆತ್ತಗೆ ಹೇಳೇ, ನಾಲ್ಕು ಜನ ನೋಡ್ತಿದ್ದಾರೆ" ಎಂದರು ಅಪ್ಪಯ್ಯ.

"ನಾಲ್ಕು ಜನರೆದುರು ಅಂತ ನೀವೇ ಅಂದಿದ್ರಲ್ಲ."

ಅವರು ಪೇಟ ತೆಗೆದು ಹಣೆಯ ಬೆವರು ಒರೆಸಿಕೊಂಡರು. ಮುಖ ಕೆಂಪಾಗಿತ್ತು. ಆ ಜನರನ್ನೂ ನನ್ನನ್ನೂ ನೋಡಿ, "ಆಯ್ತು ಮಾರಾಯ್ತಿ, ಕಳಿಸ್ತೀನಿ. ಆದ್ರೆ ಮೈಸೂರಲ್ಲಿ ನಿನ್ನ ಮುಂದೆ ನಡಿಯೋಕೆ ನಾನಿರಲ್ಲ. ಇಲ್ಲಿಂದ್ಲೇ ಮುಂದೆ ನಡಿ" ಎಂದರು.

ನಡೆದೆ. ತಲೆ ಎತ್ತಿಕೊಂಡೇ ನಡೆದೆ. ಗೇಟು ದಾಟಿದೆ, ಸ್ಟೇಷನ್ ಮುಂದಿನ ಹುಣಸೆಮರ ದಾಟಿದೆ. ಅಲ್ಲಿ ರಸ್ತೆ ಎರಡಾಗಿ ಒಡೆಯುತ್ತಿತ್ತು. ಎಷ್ಟು ರಜೆಗೆ ಬಂದಿದ್ದೆನೋ, ಪ್ರತಿ ಸಲವೂ ಅಪ್ಪಯ್ಯನ ಹಿಮ್ಮಡಿ ನೋಡಿಕೊಂಡೇ ಮನೆ ಸೇರಿದವಳು ನಾನು. ಯುರೋಪಿನ ನದಿ ಬಲ್ಲವಳಿಗೆ ನಮ್ಮ ಮನೆಯ ದಾರಿ ಗೊತ್ತಿರಲಿಲ್ಲ. ಹಿಂದೆ ಕಿರ್ ಕಿರ್ ಸದ್ದು ಬಂದು ನಿಂತಿತು. ಆ ಸಭೆಯ ನಗುವೆಲ್ಲ ಇದರ ಮುಂದೆ ಏನೂ ಅಲ್ಲ ಎನಿಸಿತು.

ತಿರುಗಿ ನೋಡದೆ ಕೇಳಿದೆ. "ಅಪ್ಪಯ್ಯ, ಎಡಕ್ಕಾ, ಬಲಕ್ಕಾ?"