ಪೆಕಾನ್ ಮರದಡಿಯ ತಾಮ್ರದ ಸೆಂಟ್

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾವು ಆಸ್ಟಿನ್‌ನ ಒಂದು ಹಳೆಯ ಕಲ್ಲಿನ ಮನೆಯ ಹಿಂದೆ, ಗ್ಯಾರೇಜಿನ ಮೇಲಿನ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದೆವು. ನನ್ನ ಗಂಡ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದುತ್ತಿದ್ದರು. ಒಂದು ರಜೆಯಲ್ಲಿ ಕಿಟ್ ತರಿಸಿ, ಊಟ ನಿದ್ದೆ ಬಿಟ್ಟು ಮೆಟಲ್ ಡಿಟೆಕ್ಟರ್ ಜೋಡಿಸಿದರು. ಎರಡು ಭಾನುವಾರ ಅಂಗಳದಲ್ಲಿ ಓಡಾಡಿ ಮೂರನೆಯ ವಾರ ಮೂಲೆಗಿಟ್ಟರು. ನನಗೆ ವೀಸಾದಲ್ಲಿ ಕೆಲಸಕ್ಕೆ ಅನುಮತಿಯಿರಲಿಲ್ಲ, ಕಾರು ಓಡಿಸಲೂ ಬರುತ್ತಿರಲಿಲ್ಲ. ಹಾಗಾಗಿ ಆ ಯಂತ್ರ ನನ್ನ ಪಾಲಿಗೆ ಬಂತು.

ಸೀರೆ ಎತ್ತಿ ಕಟ್ಟಿ, ಗಂಡನ ಕ್ಯಾನ್ವಾಸ್ ಶೂ ಮೆಟ್ಟಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ನಡೆಯುತ್ತಿದ್ದ ನನ್ನನ್ನು ಅಂಚೆಯವನು ನಿಂತು ನೋಡುತ್ತಿದ್ದ. ನೋಡಲಿ ಬಿಡಿ, ನನಗೇನು. ಮಟಮಟ ಮಧ್ಯಾಹ್ನದಲ್ಲಿ ಕಿವಿಯೊಳಗೆ ಒಂದೇ ಸಮನೆ ಕುಂಯ್ ಎನ್ನುವ ಸದ್ದು. ಲೋಹ ಸಿಕ್ಕ ಕಡೆ ಅದು ಏರಿ, ಮಗು ರಚ್ಚೆ ಹಿಡಿದಂತೆ ಆಗುತ್ತಿತ್ತು. ಅಗೆದರೆ ಅಂಗಿಯ ಗುಂಡಿ, ಬೆಲ್ಟಿನ ಬಕಲ್, ಸೊಟ್ಟಗಾದ ಚಮಚ, ಅಪರೂಪಕ್ಕೊಂದು ನಾಣ್ಯ. ಈ ಮನೆಯಲ್ಲಿದ್ದವರು ಎಲ್ಲಿಗೂ ಹೋಗಿಲ್ಲ, ಗೇಣುದ್ದ ಕೆಳಗೆ ಇಲ್ಲೇ ಇದ್ದಾರೆ ಎಂದು ಎಷ್ಟೋ ಸಲ ಅನ್ನಿಸುತ್ತಿತ್ತು. ಹೆದರಿಕೊಂಡೇ ಮರುದಿನವೂ ಹೋಗುತ್ತಿದ್ದೆ.

ಮನೆಯ ಯಜಮಾನಿಗೆ ಎಂಬತ್ತು ದಾಟಿತ್ತು. ಮದುವೆಯಾಗಿರಲಿಲ್ಲ, ಹುಟ್ಟಿದ್ದೂ ಅದೇ ಮನೆಯಲ್ಲಿ. ಒಂದು ದಿನ ಒಳಗೆ ಕರೆದು ಐಸ್ ಹಾಕಿದ ಟೀ ಕೊಟ್ಟು, ತನ್ನ ತಮ್ಮನ ವಿಷಯ ಹೇಳಿದರು. ಏಳು ವರ್ಷಕ್ಕೆ ಗಂಟಲುಮಾರಿಯಿಂದ ತೀರಿಹೋದನಂತೆ. ರೋಗ ಹರಡೀತೆಂದು ಅವನ ಹಾಸಿಗೆ, ಬಟ್ಟೆ, ಪುಸ್ತಕ ಎಲ್ಲವನ್ನೂ ಸುಟ್ಟರಂತೆ. ಫೋಟೋ ಒಂದೂ ತೆಗೆಸಿರಲಿಲ್ಲ. ಅವನ ಹೆಸರೆತ್ತಬಾರದೆಂದು ತಾಯಿ ಕಟ್ಟಪ್ಪಣೆ ಮಾಡಿದ್ದರು.

"ಕಾಯಿಲೆ ಬೀಳುವ ಹಿಂದಿನ ವಾರ ನಾವಿಬ್ಬರೂ ಅಂಗಳದ ಪೆಕಾನ್ ಮರದ ಕೆಳಗೆ ಒಂದು ಸೆಂಟ್ ನಾಣ್ಯ ಹೂತಿದ್ದೆವು. ಯಾವ ಕಡೆ ಅನ್ನುವುದು ಮರೆತುಹೋಗಿದೆ. ಸಿಕ್ಕರೆ ತಂದುಕೊಡು. ಅವನು ಇದ್ದ ಅನ್ನುವುದಕ್ಕೆ ನನ್ನ ಹತ್ತಿರ ಬೇರೇನೂ ಇಲ್ಲ." ಇನ್ನೂ ಏನೋ ಹೇಳುವವರಿದ್ದರು. ಅಳು ಬಂದು ಎದ್ದು ಹೋದರು.

ಅದು ಸಿಗಲು ಮೂರು ವಾರ ಹಿಡಿಯಿತು. ಮರದ ಬೇರೊಂದರ ಪಕ್ಕದಲ್ಲಿ, ಮೈಯೆಲ್ಲ ಹಸಿರು ಕಿಲುಬು ಹಿಡಿದು, ಮಣ್ಣಿಗೆ ಕಚ್ಚಿಕೊಂಡಿತ್ತು. ಸಂತೋಷಕ್ಕೆ ಅಲ್ಲೇ ಕೂತುಬಿಟ್ಟೆ. ನೇರ ಅವರ ಬಾಗಿಲಿಗೆ ಓಡಬೇಕಿತ್ತು. ಆದರೆ ನಾನು ಬೆಳೆದ ಮನೆಯಲ್ಲಿ ಹಬ್ಬದ ಹಿಂದಿನ ದಿನ ತಾಮ್ರ ಹಿತ್ತಾಳೆಯನ್ನೆಲ್ಲ ಹಿತ್ತಲಿಗೆ ತಂದು, ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ಮುಖ ಕಾಣುವ ತನಕ ಉಜ್ಜಿಸುತ್ತಿದ್ದರು. ಕಿಲುಬಿನ ತಾಮ್ರವನ್ನು ಹಿರಿಯರ ಕೈಗೆ ಕೊಡುವುದೇ? ಮೆಕ್ಸಿಕನ್ ಅಂಗಡಿಯ ಹುಣಸೆಹಣ್ಣು ಮನೆಯಲ್ಲಿತ್ತು. ಬೇಲಿ ಪಕ್ಕ ಬಿದ್ದಿದ್ದ ಇಟ್ಟಿಗೆ ಚೂರು ಕುಟ್ಟಿ ಪುಡಿ ಮಾಡಿದೆ. ಹಸಿರು ಬಿಟ್ಟುಕೊಂಡಾಗ ಒಂದು ಬದಿಯಲ್ಲಿ ಸೊಟ್ಟಪಟ್ಟ ಸಣ್ಣ ಗೆರೆಗಳು ಕಂಡವು. ಎಂಥದೋ ಗೀರು ಎಂದುಕೊಂಡು ಅಲ್ಲಿ ಇನ್ನಷ್ಟು ಒತ್ತಿ ಉಜ್ಜಿದೆ.

ಸಂಜೆ ಗಂಡ ನೋಡಿ ನಕ್ಕರು. "ಏನೇ ಇದು, ಈಗ ತಾನೇ ಅಚ್ಚು ಹಾಕಿದ ಹಾಗಿದೆ!"

"ನಾಳೆ ಕೊಡ್ತೀನಿ ರೀ. ಎಷ್ಟು ಖುಷಿಪಡ್ತಾರೆ ನೋಡ್ತಿರಿ."

ಮರುದಿನ ಯಜಮಾನಿ ಕನ್ನಡಕ ಹಾಕಿಕೊಂಡು ನಾಣ್ಯವನ್ನು ಕಿಟಕಿಯ ಬೆಳಕಿಗೆ ಹಿಡಿದರು. ತಿರುಗಿಸಿದರು, ಮತ್ತೆ ತಿರುಗಿಸಿದರು. ಹೆಬ್ಬೆರಳಿನಿಂದ ಸವರಿದರು.

"ಅವನ ಹೆಸರಿನ ಮೊದಲ ಅಕ್ಷರ ಇರಬೇಕಿತ್ತಲ್ಲ," ಎಂದರು. "ಅಮ್ಮನ ಟೋಪಿಯ ಪಿನ್ನು ಕದ್ದು ಅವನೇ ಕೊರೆದಿದ್ದ. ಆಗಷ್ಟೇ ಬರೆಯಲು ಕಲಿತಿದ್ದ."

ಎಪ್ಪತ್ತು ವರ್ಷ ಮಣ್ಣು ಜೋಪಾನ ಮಾಡಿದ್ದನ್ನು ನಾನು ಒಂದು ಮಧ್ಯಾಹ್ನದಲ್ಲಿ ಅಳಿಸಿದ್ದೆ. ನಿಜ ಹೇಳಬೇಕೆಂದೇ ಬಾಯಿ ತೆರೆದೆ, ದೇವರಾಣೆ. ಬಂದದ್ದು ಬೇರೆ ಮಾತು: "ಹಾಗಾದರೆ ಇದು ಅದಲ್ಲ. ಇದು ಬೇಲಿ ಹತ್ತಿರ ಸಿಕ್ಕಿದ್ದು."

ಅವರ ಮುಖ ಅರಳಿತು. "ಅಂದರೆ ಅವನದು ಇನ್ನೂ ಅಲ್ಲೇ ಇದೆ," ಎಂದು ನಾಣ್ಯವನ್ನು ನನ್ನ ಅಂಗೈಗೇ ವಾಪಸ್ಸಿಟ್ಟು, ಬೆರಳು ಮಡಚಿದರು.

ಅಲ್ಲಿಂದ ಮುಂದೆ ನಾನು ಹುಡುಕದೆ ಇರುವಂತಿರಲಿಲ್ಲ. ದಿನಾ ಮಧ್ಯಾಹ್ನ ಅವರು ಕುರ್ಚಿಯನ್ನು ಕಿಟಕಿಗೆ ಎಳೆದುಕೊಳ್ಳುವರು. ನಾನು ಇಲ್ಲದ್ದನ್ನು ಹುಡುಕುತ್ತ ಅಗೆಯುವುದು, ಮುಚ್ಚುವುದು. ನನ್ನ ಮೇಲೆ ನನಗೇ ಅಸಹ್ಯವಾಗುತ್ತಿತ್ತು.

"ಹೇಳಿಬಿಡೇ, ಪಾಪ, ಕಾಯ್ತಾ ಕೂತಿರ್ತಾರೆ," ಎಂದರು ಗಂಡ.

"ಹೇಗ್ರೀ ಹೇಳೋದು? ನೀವೇ ಹೇಳಿ ನೋಡೋಣ," ಎಂದು ಅವರ ಮೇಲೆಯೇ ರೇಗಿದೆ. ಅವರೂ ಹೇಳಲಿಲ್ಲ.

ಓದು ಮುಗಿದು ಅವರಿಗೆ ಹ್ಯೂಸ್ಟನ್‌ನಲ್ಲಿ ಕೆಲಸ ಸಿಕ್ಕಿತು. ಹೊರಡುವ ಎರಡು ದಿನ ಮುಂಚೆ ನಾನು ಮರದ ಕೆಳಗಿದ್ದಾಗ ಯಜಮಾನಿ ಕೈಬೀಸಿದ್ದು ಕಂಡು ಹೆಡ್‌ಫೋನ್ ತೆಗೆದೆ. ಕಿಟಕಿಯ ಗಾಜನ್ನು ಮೇಲೆತ್ತಿ ಕೂಗುತ್ತಿದ್ದರು. ದನಿಯಲ್ಲಿ ಎಂದೂ ಕೇಳದ ಲವಲವಿಕೆಯಿತ್ತು.

"ಅಲ್ಲಲ್ಲ, ಇನ್ನೂ ಎಡಕ್ಕೆ! ಅವನು ತೋರಿಸುತ್ತಿದ್ದಾನಲ್ಲ, ಕಾಣುವುದಿಲ್ಲವೇ?"

ಮರದ ಕೆಳಗೆ ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ. ಎಡಕ್ಕೆ ಎರಡು ಹೆಜ್ಜೆ ಇಟ್ಟೆ. ನಾಣ್ಯ ಸಿಕ್ಕಿದ್ದು ಸರಿಯಾಗಿ ಅಲ್ಲೇ. ಅದು ನನಗೊಬ್ಬಳಿಗೇ ಗೊತ್ತಿತ್ತು. "ಹೌದು, ಅಲ್ಲೇ," ಎಂದು ಕಿಟಕಿಯಿಂದ ಕೂಗು ಬಂತು. ನಾನು ಮಂಡಿಯೂರಿ ಆ ಬರಿದಾದ ಮಣ್ಣನ್ನು ಮತ್ತೆ ಅಗೆಯತೊಡಗಿದೆ.